ಹಳೆಯ ಪೂಲ್ ಕೋಲಿನ ತೂಕ

ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಪೂಲ್ ಆಟದಲ್ಲಿ ಗುರಿ ತಪ್ಪಿದವನು ಕೈಯಲ್ಲಿರುವ ಕೋಲನ್ನು ದೂರುವುದೂ ಇದೇ ಜಾತಿಯ ಮಾತೆಂದು ನಾನು ಬಹುಕಾಲ ನಂಬಿದ್ದೆ. ಆದರೆ ಒಮ್ಮೊಮ್ಮೆ ನೆಲವೂ ನಿಜವಾಗಿಯೇ ಡೊಂಕಾಗಿರುತ್ತದೆ. ಅಂತಹ ಸಂದರ್ಭದಲ್ಲಿ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ನನ್ನ ಅನುಭವದಿಂದ ವಾಚಕ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೂ ಪೂಲ್ ಕೋಲಿಗೂ ಏನು ಸಂಬಂಧವೆಂದು ಕೆಲವರು ನಗಬಹುದು. ಅಂತಿಮ ಬಿ.ಎ. ತರಗತಿಯಲ್ಲಿ ಓದುತ್ತಿರುವ ನಾನು, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲನೆಯವನು. ನನ್ನ ತಂದೆಯವರು ಬಡಗಿ ಕೆಲಸದವರು. ಹಾಸ್ಟೆಲಿನ ಖರ್ಚಿಗಾಗಿ ನಾನು ಬಸ್ ನಿಲ್ದಾಣದ ಬಳಿಯ ಒಂದು ಪೂಲ್ ಹಾಲಿನಲ್ಲಿ ಸಂಜೆ ಆರರಿಂದ ಒಂಬತ್ತರವರೆಗೆ ಕೆಲಸ ಮಾಡುತ್ತೇನೆ. ಚೆಂಡುಗಳನ್ನು ಜೋಡಿಸುವುದು, ಮೇಜಿನ ಬಟ್ಟೆಯನ್ನು ಬ್ರಷ್ಷಿನಿಂದ ಗುಡಿಸುವುದು, ಅಂಕ ಬರೆಯುವುದು, ಕೋಲುಗಳನ್ನು ಒರೆಸಿಡುವುದು ಇವೇ ನನ್ನ ಕೆಲಸಗಳು.

ಆಟವನ್ನು ಅರಿಯದವರಿಗಾಗಿ ಎರಡು ಮಾತು. ಆರು ತೂತುಗಳುಳ್ಳ, ಬಟ್ಟೆ ಹೊದಿಸಿದ ಮೇಜಿನ ಮೇಲೆ ಬಿಳಿಯ ಚೆಂಡನ್ನು ಕೋಲಿನಿಂದ ತಳ್ಳಿ, ಬಣ್ಣದ ಚೆಂಡುಗಳನ್ನು ತೂತಿಗೆ ಬೀಳಿಸುವುದೇ ಪೂಲ್. ಬಿಲಿಯರ್ಡ್ಸ್ ಮತ್ತು ಸ್ನೂಕರ್ ಆಟಗಳು ಇದರ ಬಂಧುಗಳು. ಇವು ನಮ್ಮ ನಾಡಿಗೆ ಹೊರಗಿನವೆಂದು ತಿಳಿಯಬೇಕಾಗಿಲ್ಲ. ಸ್ನೂಕರ್ ಹುಟ್ಟಿದ್ದೇ 1875ರಲ್ಲಿ, ಜಬಲ್ಪುರದ ಸೈನ್ಯಾಧಿಕಾರಿಗಳ ನಡುವೆ. 1958ರಲ್ಲಿ ಕಲಕತ್ತೆಯಲ್ಲಿ ವಿಲ್ಸನ್ ಜೋನ್ಸ್ ಅವರು ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ಗೆದ್ದರು. ಬೆಂಗಳೂರಿನಲ್ಲಿ ಆಟ ಕಲಿತ ಪಂಕಜ್ ಅಡ್ವಾಣಿಯವರು ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲಿಯೂ ವಿಶ್ವವಿಜೇತರಾದವರು.

ಇನ್ನು ಕೋಲಿನ ವಿಚಾರ. ಸಾಮಾನ್ಯವಾದ ಪೂಲ್ ಕೋಲು ಸುಮಾರು 58 ಅಂಗುಲ, ಎಂದರೆ 147 ಸೆಂಟಿಮೀಟರ್ ಉದ್ದವಿರುತ್ತದೆ. ತೂಕವನ್ನು ಇಂದಿಗೂ ಔನ್ಸಿನಲ್ಲಿಯೇ ಹೇಳುವುದು ರೂಢಿ. ಒಂದು ಔನ್ಸ್ ಎಂದರೆ 28 ಗ್ರಾಂಗಿಂತ ಸ್ವಲ್ಪ ಹೆಚ್ಚು. ಹೆಚ್ಚಿನ ಕೋಲುಗಳು 18ರಿಂದ 21 ಔನ್ಸ್ ತೂಗುತ್ತವೆ. ಅಂತರರಾಷ್ಟ್ರೀಯ ಪೂಲ್ ನಿಯಮದಂತೆ 25 ಔನ್ಸನ್ನು ಮೀರುವಂತಿಲ್ಲ. ಹಾಲುಗಳಲ್ಲಿರುವ ಕೋಲಿನ ಬುಡದ ಹತ್ತಿರ 18, 19, 20 ಎಂಬ ಅಂಕಿಗಳನ್ನು ನೀವು ನೋಡಿರಬಹುದು. ಅದು ಕೋಲಿನ ಕ್ರಮಸಂಖ್ಯೆಯೆಂದು ಬಹಳ ಜನ ತಿಳಿದಿದ್ದಾರೆ. ವಾಸ್ತವವಾಗಿ ಅದು ಔನ್ಸಿನ ಲೆಕ್ಕ.

ತೂಕವನ್ನು ಹೊಂದಿಸುವ ಏರ್ಪಾಡು ಅನೇಕ ಕೋಲುಗಳ ಬುಡದಲ್ಲಿಯೇ ಅಡಗಿರುತ್ತದೆ. ನೆಲಕ್ಕೆ ತಗಲುವ ರಬ್ಬರ್ ಬಿರಡೆಯನ್ನು ತೆಗೆದರೆ ಒಳಗೆ ಒಂದು ರಂಧ್ರ, ಅದರೊಳಗೆ ತಿರುಪಿ ಕೂರಿಸಿದ ಕಬ್ಬಿಣದ ಬೋಲ್ಟು. ಅದನ್ನು ಬದಲಿಸಿದರೆ ತೂಕ ಬದಲಾಗುತ್ತದೆ. ಆದರೆ ಹಳೆಯ ಕೋಲುಗಳೆಲ್ಲವೂ ಹೀಗಿರುವುದಿಲ್ಲ. ಕೆಲವಕ್ಕೆ ಬಿರಡೆಯನ್ನು ಅಂಟಿನಿಂದ ಕೂರಿಸಿರುತ್ತಾರೆ. ಇಂಗ್ಲಿಷ್ ಮಾದರಿಯ ಹಳೆಯ ಕೋಲುಗಳಲ್ಲಿ ಬುಡವನ್ನು ಕೊರೆದು ಸೀಸವನ್ನಿಟ್ಟು, ಮೇಲೆ ಮರದ ಬೆಣೆ ಹೊಡೆದು ಮುಚ್ಚಿರುವುದುಂಟು. ಒಂದೇ ಮರದ ಕೆಲವು ಅಗ್ಗದ ಕೋಲುಗಳಲ್ಲಿ ಬೋಲ್ಟೂ ಇಲ್ಲ, ರಂಧ್ರವೂ ಇಲ್ಲ.

ಈ ಭೇದವನ್ನು ಅರಿಯದೆ ನಾನು ಮಾಡಿದ ಅಪರಾಧವನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಹಿಂದಿನ ವರ್ಷ ಹಾಲಿನ ಒಂದು ಹಗುರ ಕೋಲಿಗೆ ತೂಕ ಕೂಡಿಸುವೆನೆಂದು ಹೊರಟು, ಅದರ ಬುಡವನ್ನು ಕೈ ಡ್ರಿಲ್ಲಿನಿಂದ ಕೊರೆದು, ಮೀನುಗಾಳದ ಸೀಸವನ್ನು ಕರಗಿಸಿ ಹೊಯ್ದೆ. ರಂಧ್ರ ನಡುವನ್ನು ಬಿಟ್ಟು ಒಂದು ಪಕ್ಕಕ್ಕೆ ಸರಿದಿತ್ತು. ಬಿಸಿ ಸೀಸಕ್ಕೆ ಮರ ಕರಕಲಾಗಿ ಗೇಣುದ್ದ ಸೀಳಿತು. ಸೀಸದ ಹೊಗೆ ವಿಷವೆಂಬುದನ್ನೂ ನಾನು ಆಗ ಯೋಚಿಸಿರಲಿಲ್ಲ. ಎರಡು ವಾರದ ಸಂಬಳ ಆ ಕೋಲಿಗೆ ಹೋಯಿತು. ಸೀಳಿದ ತುಂಡನ್ನು ಊರಿಗೆ ಒಯ್ದು ತೋರಿಸಿದಾಗ ತಂದೆಯವರು ಬೈಯಲಿಲ್ಲ. “ಮರಕ್ಕೆ ತೂತು ಕೊರೆಯೋಕೆ ಒಂದು ಗಳಿಗೆ ಸಾಕು ಮಗ, ಅದನ್ನ ಮುಚ್ಚೋಕೆ ಜನ್ಮ ಸಾಲದು” ಎಂದಷ್ಟೇ ಹೇಳಿದರು.

ಈ ಮಾತು ನೆನಪಿನಲ್ಲಿರುವಾಗಲೇ ಎರಡನೆಯ ಕೋಲು ನನ್ನ ಕೈಗೆ ಬಂದಿತು. ನಮ್ಮ ಹಾಲಿಗೆ ಪ್ರತಿ ಸಂಜೆ ಬರುವ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಅವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುವುದು. ಅವರದು ಎರಡು ತುಂಡುಗಳನ್ನು ನಡುವೆ ತಿರುಪಿ ಜೋಡಿಸುವ ಮೇಪಲ್ ಮರದ ಕೋಲು. ಮೂವತ್ತು ವರ್ಷಗಳಿಂದ ಅವರ ಜೊತೆಯಲ್ಲಿದೆ. ಭುಜದ ನೋವು ಬಂದ ಮೇಲೆ ಅದು ಅವರಿಗೆ ಭಾರವಾಗತೊಡಗಿತು. ಒಂದು ಸಂಜೆ ಕೋಲನ್ನು ಚೀಲಸಮೇತ ನನ್ನ ಮುಂದಿಟ್ಟು, “ಯಾರಾದರೂ ಹುಡುಗರಿಗೆ ಕೊಟ್ಟುಬಿಡಪ್ಪಾ. ಹೊಸದು ಕೊಂಡು ಕೈ ಪಳಗಿಸಿಕೊಳ್ಳೋ ವಯಸ್ಸಲ್ಲ ನನ್ನದು. ಆಟ ಸಾಕು” ಎಂದರು. ಅವರಿಗೆ ಮನೆಯಲ್ಲಿ ಮಾತನಾಡುವವರಿಲ್ಲವೆಂಬುದು ನಮಗೆಲ್ಲ ತಿಳಿದ ಸಂಗತಿ. ಆಟ ನಿಂತರೆ ನಿಲ್ಲುವುದು ಆಟವೊಂದೇ ಅಲ್ಲ. “ಮೇಷ್ಟ್ರೇ, ಒಂದು ವಾರ ನನ್ನ ಹತ್ತಿರ ಇರಲಿ” ಎಂದು ಬೇಡಿಕೊಂಡೆ.

ಈ ಸಲ ಕೈ ಹಾಕುವ ಮೊದಲು ಅಳೆದೆ. ಪರಿಚಯದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿದಾಗ 592 ಗ್ರಾಂ, ಎಂದರೆ ಸುಮಾರು 21 ಔನ್ಸ್ ಬಂದಿತು. ಆಮೇಲೆ ಕೋಲನ್ನು ಬೆರಳಿನ ಮೇಲೆ ಅಡ್ಡವಾಗಿಟ್ಟು, ಎರಡು ಕಡೆಗೂ ವಾಲದೆ ನಿಲ್ಲುವ ಬಿಂದುವನ್ನು ಗುರುತಿಸಿದೆ. ಇದೇ ಸಮತೋಲದ ಬಿಂದು. ಅದು ಬುಡದ ತುದಿಯಿಂದ 45 ಸೆಂಟಿಮೀಟರ್ ದೂರದಲ್ಲಿತ್ತು. ಕೋಲನ್ನು ಮೇಜಿನ ಮೇಲೆ ಉರುಳಿಸಿ ಡೊಂಕಿಲ್ಲವೆಂದೂ, ಬುಡದಲ್ಲಿ ಬಿರುಕಿಲ್ಲವೆಂದೂ ಖಚಿತಪಡಿಸಿಕೊಂಡೆ. ಬಿರುಕಿದ್ದರೆ ಬೋಲ್ಟಿನ ಗೋಜಿಗೆ ಹೋಗಲೇಬಾರದು.

ಅದೃಷ್ಟವಶಾತ್ ಬಿರಡೆಗೆ ಅಂಟಿರಲಿಲ್ಲ. ನಡುವೆ ಒಂದು ಸ್ಕ್ರೂ ಇತ್ತು. ಅದನ್ನು ಬಿಚ್ಚಿ, ಒಳಗಿನ ಧೂಳನ್ನು ಊದಿ, ಟಾರ್ಚು ಹಾಕಿ ನೋಡಿದರೆ ಬೋಲ್ಟಿನ ತಲೆಯಲ್ಲಿ ಗೀರು ಕಾಣಿಸಿತು. ಉದ್ದನೆಯ ಸ್ಕ್ರೂಡ್ರೈವರನ್ನು ಗೀರಿಗೆ ಸರಿಯಾಗಿ ಕೂರಿಸಿ, ಎಡಕ್ಕೆ ನಿಧಾನವಾಗಿ ತಿರುಗಿಸಿದೆ. ಕೆಲವು ಬೋಲ್ಟುಗಳಿಗೆ ಗೀರಿನ ಬದಲು ಆರು ಮೂಲೆಯ ಕುಳಿ ಇರುತ್ತದೆ. ಅವಕ್ಕೆ ಅಲೆನ್ ಕೀ ಬೇಕು. ತುಕ್ಕಿನಿಂದ ಬಿಗಿದಿದ್ದರೆ ಸುತ್ತಿಗೆಯಿಂದ ಬಡಿಯುವುದೂ, ಎಣ್ಣೆಯನ್ನು ಸುರಿಯುವುದೂ ಸಲ್ಲದು. ಎಣ್ಣೆಯನ್ನು ಮರ ಹೀರಿಕೊಂಡರೆ ತಿರುಪಿನ ಹಿಡಿತವೇ ಹೋಗುತ್ತದೆ. ತುಸು ಮುಂದಕ್ಕೆ, ತುಸು ಹಿಂದಕ್ಕೆ ತಿರುಗಿಸುತ್ತ ತಾಳ್ಮೆಯಿಂದ ಬಿಡಿಸಬೇಕು. ಹೊರಬಂದ ಬೋಲ್ಟಿನ ತೂಕ 85 ಗ್ರಾಂ, ಎಂದರೆ ಮೂರು ಔನ್ಸ್. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ತಿರುಪಿನ ಕಬ್ಬಿಣದ ಸರಳನ್ನು ಕೊಂಡೆ. ತಂದೆಯವರು ಅದನ್ನು 28 ಗ್ರಾಂ ಮತ್ತು 57 ಗ್ರಾಂ ತೂಕದ ಎರಡು ತುಂಡುಗಳಾಗಿ ಕತ್ತರಿಸಿ, ತಲೆಯಲ್ಲಿ ಗರಗಸದಿಂದ ಗೀರು ಮಾಡಿಕೊಟ್ಟರು. ಮೂಲ ಬೋಲ್ಟನ್ನು ನಾವು ಮುಟ್ಟಲಿಲ್ಲ.

ಮೊದಲು 28 ಗ್ರಾಂ ತುಂಡನ್ನು ಕೂರಿಸಿದೆವು. ಕೋಲು 535 ಗ್ರಾಂಗೆ, ಸುಮಾರು 19 ಔನ್ಸಿಗೆ ಇಳಿಯಿತು. ನಾನು ಹಿಗ್ಗಿನಿಂದ ಕೊಟ್ಟೆ. ಮೇಷ್ಟ್ರು ನಾಲ್ಕು ಹೊಡೆತ ಹೊಡೆದು, “ಹಗುರಾಗಿದೆ, ನಿಜ. ಆದರೆ ಮುಂದಕ್ಕೆ ಜಗ್ಗುತ್ತಲ್ಲಯ್ಯಾ” ಎಂದರು. ತೂಕ ಇಳಿದ ಕೋಲು ಅವರ ಕೈಗೆ ಬೇರೊಂದು ಬಗೆಯಲ್ಲಿ ಭಾರವಾಗಿತ್ತು!

ಇದರ ಕಾರಣ ನಾವು ಹೈಸ್ಕೂಲಿನಲ್ಲಿ ಓದಿದ ಸನ್ನೆಕೋಲಿನ ಪಾಠದಲ್ಲಿಯೇ ಇದೆ. ಬಾವಿಯ ಏತವನ್ನು ನೆನೆಯಿರಿ. ಹಿಂಭಾಗದ ಕಲ್ಲನ್ನು ತೆಗೆದರೆ ಏತದ ಒಟ್ಟು ತೂಕ ಕಡಿಮೆಯಾಗುತ್ತದೆ, ಆದರೆ ಮುಂಭಾಗ ಕುಸಿಯುತ್ತದೆ. ತೂಕವನ್ನು ದೂರದಿಂದ ಗುಣಿಸಿ ಲೆಕ್ಕ ಹಾಕಿದೆ. ಮೊದಲಿನ ಕೋಲಿಗೆ 592 ಗುಣಿಸು 45, ಎಂದರೆ 26,640. ತೆಗೆದ ಬೋಲ್ಟಿನ ನಡುಭಾಗ ಬುಡದಿಂದ 7 ಸೆಂಟಿಮೀಟರಿನಲ್ಲಿದ್ದುದರಿಂದ 85 ಗುಣಿಸು 7, ಎಂದರೆ 595ನ್ನು ಕಳೆಯಬೇಕು. ಉಳಿದದ್ದು 26,045. ಹೊಸ ತುಂಡಿನ ನಡು 3 ಸೆಂಟಿಮೀಟರಿನಲ್ಲಿ; ಆದ್ದರಿಂದ 84ನ್ನು ಕೂಡಿಸಿ, ಹೊಸ ತೂಕವಾದ 535ರಿಂದ ಭಾಗಿಸಿದರೆ 48.8 ಬರುತ್ತದೆ. ಸಮತೋಲದ ಬಿಂದು ಸುಮಾರು ನಾಲ್ಕು ಸೆಂಟಿಮೀಟರ್ ಮುಂದಕ್ಕೆ ಸರಿದಿತ್ತು. ಮೇಷ್ಟ್ರ ಕೈ ಸುಳ್ಳು ಹೇಳಿರಲಿಲ್ಲ.

ಹಾಗಾದರೆ 57 ಗ್ರಾಂ ತುಂಡನ್ನು ಹಾಕಿದರೆ? ಅದರ ನಡು 5 ಸೆಂಟಿಮೀಟರಿನಲ್ಲಿ ಬರುತ್ತದೆ. 26,045ಕ್ಕೆ 285 ಕೂಡಿಸಿ 564ರಿಂದ ಭಾಗಿಸಿದರೆ 46.7. ತೂಕ 20 ಔನ್ಸ್. ಬಿಂದು ಹಳೆಯ ಸ್ಥಾನಕ್ಕೆ ಹತ್ತಿರ. ತಂದೆಯವರಿಗೆ ಈ ಅಂಕಿಯನ್ನು ಹೇಳದೆ, ತುಂಡನ್ನು ಕೂರಿಸಿ ಕೋಲನ್ನು ಕೈಗೆ ಕೊಟ್ಟೆ. ಅವರು ತೋರುಬೆರಳಿನ ಮೇಲೆ ಒಮ್ಮೆ ಆಡಿಸಿ, ಕಿವಿಯ ಮೇಲಿದ್ದ ಪೆನ್ಸಿಲಿನಿಂದ ಗುರುತು ಹಾಕಿದರು. ಟೇಪು ಹಿಡಿದು ನೋಡಿದರೆ 47ಕ್ಕೆ ಮೂರು ಗೆರೆ ಕಡಿಮೆ! ನಾನು ಅರ್ಧ ಹಾಳೆ ಬರೆದು ಕಂಡದ್ದನ್ನು ಅವರ ಬೆರಳು ಒಂದು ಕ್ಷಣದಲ್ಲಿ ಕಂಡಿತ್ತು. ಕಾಲೇಜಿಗೆ ಬಂದ ಮೇಲೆ ನನ್ನ ಓದಿಗೂ ಅವರ ಕಸುಬಿಗೂ ನಡುವೆ ಅಂತರ ಬೆಳೆಯುತ್ತಿದೆಯೆಂಬ ಅಳುಕು ನನ್ನಲ್ಲಿತ್ತು. ಆ ಪೆನ್ಸಿಲ್ ಗುರುತಿನ ಬಳಿ ಎರಡೂ ಕೂಡಿದವು.

ಈ ಕೆಲಸವನ್ನು ಮಾಡಬಯಸುವವರಿಗೆ ಇನ್ನು ಕೆಲವು ಸೂಚನೆಗಳು. ಬೋಲ್ಟು ಸಡಿಲವಾಗಿದ್ದರೆ ಹೊಡೆದಾಗಲೆಲ್ಲ ಗುಂಯ್ಗುಡುತ್ತದೆ. ಅತಿಯಾಗಿ ಬಿಗಿದರೆ ಮರ ಸೀಳುತ್ತದೆ. ತಿರುಪು ಆಳದವರೆಗೂ ಇದ್ದರೆ ತೂಕವನ್ನು ಬದಲಿಸದೆಯೇ ಬೋಲ್ಟನ್ನು ಒಳಕ್ಕೆ ತಿರುಗಿಸಿ ಸಮತೋಲವನ್ನು ತಿದ್ದಬಹುದು: 57 ಗ್ರಾಂ ಬೋಲ್ಟು ಹತ್ತು ಸೆಂಟಿಮೀಟರ್ ಒಳಕ್ಕೆ ಹೋದರೆ ಬಿಂದು ಒಂದು ಸೆಂಟಿಮೀಟರ್ ಮುಂದಕ್ಕೆ ಸರಿಯುತ್ತದೆ. ರಂಧ್ರವಿಲ್ಲದ ಕೋಲನ್ನು ಸ್ವತಃ ಕೊರೆಯಬೇಡಿ. ಬುಡಕ್ಕೆ ಹೊರಗಿನಿಂದ ರಬ್ಬರಿನ ಹಿಡಿ ಹಾಕಿದರೆ ತೂಕವೂ ಬರುತ್ತದೆ, ಬೇಡವಾದಾಗ ತೆಗೆಯಲೂ ಬರುತ್ತದೆ.

ಭಾರದ ಕೋಲಿನಿಂದ ಚೆಂಡಿಗೆ ಬಹಳ ಬಲ ಬರುವುದೆಂಬ ನಂಬಿಕೆಯೂ ಅಷ್ಟೇನೂ ನಿಜವಲ್ಲ. ಪೂಲ್ ಚೆಂಡು ಸುಮಾರು ಆರು ಔನ್ಸ್ ತೂಗುತ್ತದೆ. ಕೈಯ ವೇಗ ಒಂದೇ ಆಗಿದ್ದರೆ, ಕೋಲಿನ ತೂಕವನ್ನು ಕೋಲು ಮತ್ತು ಚೆಂಡುಗಳ ಒಟ್ಟು ತೂಕದಿಂದ ಭಾಗಿಸಿ ಹೋಲಿಸಬಹುದು. 19 ಔನ್ಸಿಗೆ 25ರಲ್ಲಿ 19. 21 ಔನ್ಸಿಗೆ 27ರಲ್ಲಿ 21. ಚೆಂಡಿನ ವೇಗದಲ್ಲಿ ವ್ಯತ್ಯಾಸ ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು, ಅಷ್ಟೇ. ಅಷ್ಟಕ್ಕಾಗಿ ಭುಜವನ್ನು ದಂಡಿಸುವುದರಲ್ಲಿ ಅರ್ಥವಿಲ್ಲ.

ಮೇಷ್ಟ್ರು ಈಗ ಮತ್ತೆ ಪ್ರತಿ ಸಂಜೆ ಬರುತ್ತಾರೆ. ಭುಜದ ನೋವು ಮಾಯವಾಗಿಲ್ಲ. ಎರಡು ಆಟವಾದ ಮೇಲೆ ಕುಳಿತು ನಮ್ಮ ತಪ್ಪುಗಳನ್ನು ಎಣಿಸುತ್ತಾರೆ. ತೆಗೆದ ಹಳೆಯ ಬೋಲ್ಟನ್ನು ಕಾಗದದಲ್ಲಿ ಸುತ್ತಿ, ಮೇಲೆ “85 ಗ್ರಾಂ, ಮೂಲದ್ದು” ಎಂದು ಬರೆದು ಅವರ ಕೋಲಿನ ಚೀಲದಲ್ಲಿಯೇ ಇಟ್ಟಿದ್ದೇನೆ. ಮುಂದೆ ಆ ಕೋಲು ಯಾರ ಕೈ ಸೇರಿದರೂ, ಬೇಕೆನಿಸಿದರೆ ಅವರು ಅದನ್ನು ಮೊದಲಿದ್ದಂತೆ ಮಾಡಿಕೊಳ್ಳಬಹುದು. ಹಳೆಯ ವಸ್ತುವನ್ನು ತಿದ್ದುವವನು ಮರಳುವ ದಾರಿಯನ್ನು ಉಳಿಸಬೇಕೆಂಬುದನ್ನು, ಒಂದು ಕೋಲನ್ನು ಕೆಡಿಸಿ, ಇನ್ನೊಂದನ್ನು ಉಳಿಸಿ ನಾನು ಕಲಿತೆ.