ನಾಟಕದ ಮೂಲಕ ಇಂಗ್ಲಿಷ್ ಕಲಿಕೆ
(ಅಂತಿಮ ಬಿ. ಎ.)

ನಮ್ಮಲ್ಲಿ ಬಹುಮಂದಿ ವಿದ್ಯಾರ್ಥಿಗಳಿಗೆ ಇಂಗ್ಲಿಷು ಕಣ್ಣಿನ ಭಾಷೆಯಾಗಿಯೇ ಉಳಿದಿದೆ. ಕಿವಿಗೂ ನಾಲಗೆಗೂ ಅದು ಇನ್ನೂ ಇಳಿದಿಲ್ಲ. ಹತ್ತು ಹನ್ನೆರಡು ವರ್ಷ ಅದನ್ನು ಓದಿರುತ್ತೇವೆ, ಪ್ರಶ್ನೆಗಳಿಗೆ ಉತ್ತರ ಬರೆದು ಉತ್ತೀರ್ಣರೂ ಆಗಿರುತ್ತೇವೆ. ಆದರೂ ಯಾರಾದರೂ ಎದುರಿಗೆ ನಿಂತು ಆ ಭಾಷೆಯಲ್ಲಿ ಎರಡು ಮಾತು ಕೇಳಿದರೆ ಗಂಟಲು ಒಣಗುತ್ತದೆ. ಇದಕ್ಕೆ ಬುದ್ಧಿಯ ಕೊರತೆಯಾಗಲಿ ಶ್ರಮದ ಕೊರತೆಯಾಗಲಿ ಕಾರಣವಲ್ಲವೆಂದು ನನ್ನ ನಂಬಿಕೆ. ಅಚ್ಚಾದ ಪುಟದಲ್ಲಿ ಇಂಗ್ಲಿಷ್ ಮಾತಿನ ಒಂದು ಭಾಗ ಮಾತ್ರ ಇರುತ್ತದೆ. ಉಳಿದ ಭಾಗ ಆಡುವವರ ದನಿಯಲ್ಲಿರುತ್ತದೆ. ಆ ಉಳಿದ ಭಾಗವನ್ನು ಕಲಿಯಲು ನಾಟಕಾಭಿನಯವು ನಮ್ಮಂಥವರಿಗೆ ನಿಲುಕುವ ಉತ್ತಮ ಉಪಾಯವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ನನ್ನದೇ ಒಂದು ಸಂಗತಿ. ಮೊದಲನೆಯ ವರ್ಷದಲ್ಲಿ ಒಂದು ದಿನ ಪಾಠವನ್ನು ಗಟ್ಟಿಯಾಗಿ ಓದುವ ಸರದಿ ನನಗೆ ಬಂತು. ಸಾಲವೆಂಬ ಅರ್ಥದ 'ಡೆಟ್' ಎಂಬ ಪದವನ್ನು, ಅದರಲ್ಲಿ ಬರೆದಿರುವ 'ಬಿ' ಅಕ್ಷರವನ್ನು ಬಿಡಲಾರದೆ, 'ಡೆಬ್ಟ್' ಎಂದು ಓದಿದೆ. ತರಗತಿಗೆ ತರಗತಿಯೇ ನಕ್ಕಿತು. ಸಾಲವೆಂದರೇನೆಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಆ ಕೊಠಡಿಯಲ್ಲಿ ಹೆಚ್ಚು ಜನ ಇದ್ದಿರಲಾರರು. ಅದರ ಉಚ್ಚಾರಣೆ ಮಾತ್ರ ನನಗೆ ತಿಳಿದಿರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ತಿದ್ದಿ ಹೇಳುವವರು ಮನೆಯಲ್ಲಿ ಯಾರೂ ಇಲ್ಲ. ಅಂದಿನಿಂದ ಹೆಚ್ಚು ಕಡಿಮೆ ಒಂದು ವರ್ಷ ನಾನು ಇಂಗ್ಲಿಷ್ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ.

ಆ ಮೌನವನ್ನು ಮುರಿಯುವ ದಾರಿ ಹೊಳೆದದ್ದು ನಮ್ಮೂರಿನಲ್ಲಿ. ಹಳೆಯ ಮೈಸೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿರುವಂತೆ ನಮ್ಮೂರಿನಲ್ಲಿಯೂ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕ ಆಡುತ್ತಾರೆ. ನಮ್ಮ ತಂದೆಯವರಿಗೆ ರುಜು ಹಾಕುವಷ್ಟೇ ಅಕ್ಷರಜ್ಞಾನ. ಆದರೆ 'ಕುರುಕ್ಷೇತ್ರ'ದಲ್ಲಿ ಭೀಮನ ಪಾತ್ರ ಅವರದು. ಆ ನಾಟಕದ ಮಾತು ಮನೆಯಲ್ಲಿ ಆಡುವ ಕನ್ನಡವಲ್ಲ. ಸಮಾಸಗಳಿಂದ ತುಂಬಿದ ಗ್ರಾಂಥಿಕ ಕನ್ನಡ. ರಾತ್ರಿ ಊಟವಾದ ಮೇಲೆ ಹಾರ್ಮೋನಿಯಂ ಮೇಷ್ಟರು ಒಂದೊಂದೇ ಮಾತನ್ನು ಹೇಳಿಕೊಡುವರು. ಪಾತ್ರಧಾರಿಗಳು ಎದ್ದು ನಿಂತು, ಕೈಯೆತ್ತಿ, ಹೆಜ್ಜೆಯಿಟ್ಟು ಒಪ್ಪಿಸುವರು. ಎರಡು ಮೂರು ತಿಂಗಳು ಹೀಗೆ ತಾಲೀಮು ನಡೆಯುತ್ತದೆ. ಒಂದು ವರ್ಷ ರಂಗದ ಮೇಲೆ ದುರ್ಯೋಧನನ ಪಾತ್ರಧಾರಿ ಮಾತು ಮರೆತು ನಿಂತುಬಿಟ್ಟರು. ಆಗ ನಮ್ಮ ತಂದೆ ಪುಸ್ತಕದಲ್ಲಿಲ್ಲದ ಎರಡು ಮಾತುಗಳನ್ನು ಅದೇ ಗತ್ತಿನಲ್ಲಿ, ಅದೇ ಬಗೆಯ ಕನ್ನಡದಲ್ಲಿ ಕಟ್ಟಿ ಆಡಿ ಸಂದರ್ಭವನ್ನು ಉಳಿಸಿದರು. ಪುಸ್ತಕ ಓದಲಾರದವರು ಪುಸ್ತಕದ ಭಾಷೆಯಲ್ಲಿ ಹೊಸ ವಾಕ್ಯವನ್ನು ರಚಿಸಿದರು! ಅರ್ಥ ತಿಳಿದು, ಎದುರಿನವರ ಮುಖ ನೋಡಿ, ಮೈಯನ್ನೆಲ್ಲ ತೊಡಗಿಸಿ ಆಡಿದ ಮಾತು ಕ್ರಮೇಣ ಆಡಿದವರ ಸ್ವಂತದ್ದಾಗುತ್ತದೆ. ಅವರಿಗೆ ಸಾಧ್ಯವಾದದ್ದು ಇಂಗ್ಲಿಷಿನ ವಿಷಯದಲ್ಲಿ ನನಗೇಕೆ ಸಾಧ್ಯವಾಗಬಾರದು ಎಂಬ ಪ್ರಶ್ನೆ ಅಂದು ನನ್ನಲ್ಲಿ ಹುಟ್ಟಿತು.

ವಿಚಾರಿಸಿ ನೋಡಲಾಗಿ ಈ ಆಲೋಚನೆ ಹೊಸದೇನೂ ಅಲ್ಲವೆಂದು ತಿಳಿದುಬಂತು. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಪರ್ಸ್ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಾಲ್ಡ್‌ವೆಲ್ ಕುಕ್ ಎಂಬವರು ಷೇಕ್ಸ್‌ಪಿಯರನ ನಾಟಕಗಳನ್ನು ಹುಡುಗರಿಂದ ಆಡಿಸಿಯೇ ಕಲಿಸಿ, ತಮ್ಮ ಅನುಭವವನ್ನು 1917ರಲ್ಲಿ 'ದಿ ಪ್ಲೇ ವೇ' ಎಂಬ ಗ್ರಂಥವಾಗಿ ಪ್ರಕಟಿಸಿದರು. ಆ ಹುಡುಗರಿಗೆ ಇಂಗ್ಲಿಷು ತಾಯ್ನುಡಿ. ನಮ್ಮಂತೆ ಅದನ್ನು ಪರಭಾಷೆಯಾಗಿ ಕಲಿಯುವವರಿಗೂ ನಾಟಕದ ಅಭ್ಯಾಸಗಳು ಒದಗುವುದನ್ನು ಅಲನ್ ಮೇಲಿ ಮತ್ತು ಅಲನ್ ಡಫ್ ಎಂಬಿಬ್ಬರು 1978ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಪ್ರೇಕ್ಷಕರ ಮುಂದೆ ನಾಟಕ ಆಡಲೇಬೇಕೆಂದಿಲ್ಲ, ತರಗತಿಯೊಳಗೆ ಸಂದರ್ಭಗಳನ್ನು ಕಲ್ಪಿಸಿಕೊಂಡು ಮಾತನಾಡಿದರೂ ಸಾಕು ಎಂಬುದು ಅವರ ಅಭಿಪ್ರಾಯ.

ಅದು ಹಾಗಿರಲಿ. ಕನ್ನಡಿಗರಾದ ನಮಗೆ ಅಭಿನಯವು ವಿಶೇಷವಾಗಿ ಏಕೆ ಬೇಕು? ಅದಕ್ಕೆ ಕಾರಣ ಎರಡು ಭಾಷೆಗಳ ಸ್ವಭಾವದಲ್ಲಿಯೇ ಇದೆ. 'ಐ ಗೇವ್ ಯೂ ದ ಬುಕ್ ಯೆಸ್ಟರ್ಡೇ' ಎಂಬ ಸಾಮಾನ್ಯ ವಾಕ್ಯವನ್ನು ತೆಗೆದುಕೊಳ್ಳಿ. 'ಐ' ಎಂಬ ಪದವನ್ನು ಒತ್ತಿ ಹೇಳಿದರೆ, 'ಪುಸ್ತಕ ಕೊಟ್ಟವನು ನಾನೇ' ಎಂದಾಗುತ್ತದೆ. 'ಯೂ' ಎಂಬುದನ್ನು ಒತ್ತಿದರೆ 'ನಿನಗೇ ಕೊಟ್ಟೆ'. 'ಬುಕ್' ಒತ್ತಿದರೆ 'ಪುಸ್ತಕವನ್ನೇ ಕೊಟ್ಟೆ'. 'ಯೆಸ್ಟರ್ಡೇ' ಒತ್ತಿದರೆ 'ನಿನ್ನೆಯೇ ಕೊಟ್ಟೆ'. ನಮ್ಮ ಭಾಷೆಯಲ್ಲಿ ಈ ಕೆಲಸವನ್ನು 'ಏ' ಎಂಬ ಒಂದು ಪುಟ್ಟ ಅಕ್ಷರ ಮಾಡುತ್ತದೆ. ಅದು ಬರವಣಿಗೆಯಲ್ಲಿ ಕಣ್ಣಿಗೆ ಕಾಣುತ್ತದೆ. ಜೊತೆಗೆ, ಕನ್ನಡದಲ್ಲಿ ಪದಗಳನ್ನು ಹಿಂದುಮುಂದು ಮಾಡಿಯೂ ಒತ್ತು ಕೊಡಬಹುದು. ಇಂಗ್ಲಿಷಿನಲ್ಲಿ ಪದಗಳ ಸ್ಥಾನ ಬಹುಮಟ್ಟಿಗೆ ಗೊತ್ತಾದದ್ದು. ಆದುದರಿಂದ ಒತ್ತಿನ ಭಾರವನ್ನು ಹೆಚ್ಚಾಗಿ ದನಿಯೇ ಹೊರಬೇಕು. ಅಚ್ಚಿನಲ್ಲಿ ಈ ನಾಲ್ಕು ಅರ್ಥಕ್ಕೂ ಒಂದೇ ವಾಕ್ಯ. ನಮ್ಮ 'ಏ'ಕಾರ ಅಲ್ಲಿ ಅಚ್ಚಾಗುವುದಿಲ್ಲ. ಅದನ್ನು ಎಲ್ಲಿಡಬೇಕೆಂದು ಹುಡುಕದೆ ನಟನು ಒಂದು ಸಾಲನ್ನೂ ಆಡಲಾರನು.

ಪದದ ಒಳಗೂ ಇದೇ ಕಷ್ಟ. ಕನ್ನಡದ ಅಕ್ಷರಗಳು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತವರಂತೆ; ಎಲ್ಲಕ್ಕೂ ಅದರದರ ಪಾಲು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರಕ್ಕೆ ಹಬ್ಬದೂಟ, ಉಳಿದವಕ್ಕೆ ಉದ್ಧರಣೆಯಷ್ಟು ತೀರ್ಥ. 'ಫೋಟೋಗ್ರಾಫ್' ಎಂಬಲ್ಲಿ ಒತ್ತು ಮೊದಲ ಅಕ್ಷರದ ಮೇಲೆ, 'ಫೊಟಾಗ್ರಫರ್' ಎಂಬಲ್ಲಿ ಎರಡನೆಯದರ ಮೇಲೆ, 'ಫೋಟೋಗ್ರಾಫಿಕ್' ಎಂಬಲ್ಲಿ ಮೂರನೆಯದರ ಮೇಲೆ. ನಾವು ಮೂರನ್ನೂ ಒಂದೇ ಸಮನಾಗಿ ಹೇಳುತ್ತೇವೆ. ಪದದ ಕೊನೆಗೆ 'ಉ' ಸೇರಿಸಿ ಬಸ್ಸು, ಕಾರು, ರೋಡು ಎನ್ನುತ್ತೇವೆ. ಕನ್ನಡ ಮಾತನಾಡುವಾಗ ಇದರಲ್ಲಿ ತಪ್ಪೇನೂ ಇಲ್ಲ. ಬಂದ ಪದವನ್ನು ನಮ್ಮದಾಗಿ ಮಾಡಿಕೊಳ್ಳುವ ಬಗೆ ಅದು. ಕನ್ನಡದಲ್ಲಿ ಇಂಗ್ಲಿಷನ್ನು ಬೆರೆಸುವ ಈ ಪದ್ಧತಿಯಿಂದಲೇ ಟಿ. ಪಿ. ಕೈಲಾಸಂ (1884–1946) ತಮ್ಮ ನಾಟಕಗಳಲ್ಲಿ ಎಷ್ಟು ನಗೆಯನ್ನು ಹೊರಡಿಸಿದರೆಂಬುದು ಎಲ್ಲರಿಗೂ ಗೊತ್ತು. ಆ ಕೈಲಾಸಂ ಅವರೇ ಇಂಗ್ಲಿಷಿನಲ್ಲಿ ಬರೆಯಹೊರಟಾಗ ಗಂಭೀರವಾದ ನಾಟಕಗಳನ್ನು ರಚಿಸಿದರು. ಎರಡು ದನಿಗಳನ್ನೂ ಬಲ್ಲವರು ಯಾವಾಗ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬಲ್ಲರು.

ಹಾಗೆಂದು ಉಚ್ಚಾರಣೆಯೊಂದೇ ಭಾಷೆಯಲ್ಲ. ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ನಾಟಕ 1913ರಲ್ಲಿ ಮೊದಲು ರಂಗವನ್ನೇರಿತು. ಹೂ ಮಾರುವ ಎಲಿಜಾ ಎಂಬ ಹುಡುಗಿಗೆ ಧ್ವನಿಶಾಸ್ತ್ರದ ಪಂಡಿತ ಹಿಗಿನ್ಸ್ ದೊಡ್ಡ ಮನೆತನದವರ ಉಚ್ಚಾರಣೆಯನ್ನು ಕಲಿಸುತ್ತಾನೆ. ಆಕೆ ಅವನ ತಾಯಿಯ ಮನೆಗೆ ಬಂದ ಅತಿಥಿಗಳ ಮುಂದೆ ಒಂದೊಂದು ಅಕ್ಷರವನ್ನೂ ಶುದ್ಧವಾಗಿ ಉಚ್ಚರಿಸುತ್ತಾಳೆ. ಆದರೆ ಹೇಳುವುದು ಮಾತ್ರ ತನ್ನ ಚಿಕ್ಕಮ್ಮನನ್ನು ಯಾರೋ ಕೊಂದೇಬಿಟ್ಟಿರಬೇಕೆಂಬ ಕೇರಿಯ ಸುದ್ದಿ! ಯಾರಿಗೆ, ಎಲ್ಲಿ, ಏನನ್ನು ಹೇಳಬೇಕೆಂಬುದನ್ನು ಹಿಗಿನ್ಸ್ ಕಲಿಸಿರಲಿಲ್ಲ. ಇದನ್ನು ಕಲಿಸುವುದು ಸಂದರ್ಭ. ಸಂದರ್ಭವನ್ನು ಒದಗಿಸುವುದು ನಾಟಕ.

ಇದಕ್ಕೆ ನಾನು ಕಂಡ ಅತ್ಯುತ್ತಮ ನಿದರ್ಶನ 'ದಿ ಬಿಷಪ್ಸ್ ಕ್ಯಾಂಡಲ್‌ಸ್ಟಿಕ್ಸ್' ಎಂಬ ಏಕಾಂಕ. ವಿಕ್ಟರ್ ಹ್ಯೂಗೋ ಅವರ 'ಲೆ ಮಿಸರಾಬ್ಲ್' ಕಾದಂಬರಿಯ ಒಂದು ಪ್ರಸಂಗವನ್ನು ಆಧರಿಸಿ ನಾರ್ಮನ್ ಮೆಕಿನ್ನೆಲ್ ಇದನ್ನು ಬರೆದರು. ಸೆರೆಮನೆಯಿಂದ ತಪ್ಪಿಸಿಕೊಂಡ ಹಸಿದ ಕೈದಿಯೊಬ್ಬ ರಾತ್ರಿ ಬಿಷಪ್ಪರ ಮನೆಗೆ ನುಗ್ಗುತ್ತಾನೆ. ಅವರು ಊಟವಿಕ್ಕಿದರೂ ಅವರ ಬೆಳ್ಳಿಯ ದೀಪದ ಕಂಬಗಳನ್ನು ಕದ್ದೊಯ್ಯುತ್ತಾನೆ. ಪೊಲೀಸರು ಹಿಡಿದು ತಂದಾಗ, ಅವನ್ನು ತಾವೇ ಕೊಟ್ಟದ್ದೆಂದು ಬಿಷಪ್ಪರು ಹೇಳಿ ಅವನನ್ನು ಬಿಡಿಸುತ್ತಾರೆ. ನಾವು ಆರು ಮಂದಿ ಸಹಪಾಠಿಗಳು ಕಳೆದ ವರ್ಷ ತರಗತಿ ಮುಗಿದ ಮೇಲೆ ಖಾಲಿ ಕೊಠಡಿಯೊಂದರಲ್ಲಿ ಇದನ್ನು ಅಭ್ಯಾಸ ಮಾಡಿದೆವು. ಕೈದಿಯ ಪಾತ್ರ ನನ್ನದು. ನನ್ನ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುವಾಗ ಒಂದು ಸಂಗತಿ ಹೊಳೆಯಿತು. ಕೈದಿಯು ಮೊದಲು ಬಿಷಪ್ಪರನ್ನು 'ನೀನು' ಎನ್ನುತ್ತಾನೆ. ಕೊನೆಯಲ್ಲಿ 'ನೀವು' ಎನ್ನದೆ ಅವನಿಗೆ ಗತ್ಯಂತರವಿಲ್ಲ. ನಾಟಕದ ತಿರುಳೆಲ್ಲ ಕನ್ನಡದಲ್ಲಿ ಆ ಒಂದು ಬದಲಾವಣೆಯಲ್ಲಿ ಕಾಣುತ್ತದೆ. ಇಂಗ್ಲಿಷಿನಲ್ಲಾದರೋ ಮೊದಲಿಂದ ಕೊನೆಯವರೆಗೆ ಒಂದೇ 'ಯೂ'. ಮೊದಲನೆಯ 'ಯೂ' ಬೇರೆ, ಕೊನೆಯ 'ಯೂ' ಬೇರೆ ಎಂಬುದನ್ನು ದನಿಯಿಂದಲೇ ಕೇಳಿಸಬೇಕು. ಹತ್ತು ವರ್ಷ ಓದಿದ ಆ ಪುಟ್ಟ ಪದದಲ್ಲಿ ಇಷ್ಟೊಂದು ಅಡಗಿದೆಯೆಂದು ನನಗೆ ಅದುವರೆಗೆ ತಿಳಿದಿರಲಿಲ್ಲ.

ಪ್ರಯತ್ನಿಸಬಯಸುವ ಮಿತ್ರರಿಗಾಗಿ ನಾವು ಅನುಸರಿಸಿದ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಒಂದು: ಪ್ರತಿಯೊಂದು ಮಾತಿನ ಪಕ್ಕದಲ್ಲಿಯೂ, ಅದೇ ಸಂದರ್ಭದಲ್ಲಿ ನಮ್ಮ ಮನೆಯ ಕನ್ನಡದಲ್ಲಿ ಏನೆನ್ನುತ್ತಿದ್ದೆವೋ ಅದನ್ನು ಬರೆದುಕೊಳ್ಳುವುದು. ಪದಕ್ಕೆ ಪದವಿಡುವ ಭಾಷಾಂತರ ಬೇಡ. ನಮ್ಮ 'ಏ'ಕಾರವೂ 'ನೀನು', 'ನೀವು'ಗಳೂ ಬೀಳುವ ಸ್ಥಳ ಇದರಿಂದ ತಾನಾಗಿ ತಿಳಿಯುತ್ತದೆ.

ಎರಡು: ಒತ್ತು ಬೀಳುವ ಪದದ ಕೆಳಗೆ ಗೆರೆಯನ್ನೂ ಉಸಿರು ನಿಲ್ಲಿಸುವಲ್ಲಿ ಅಡ್ಡಗೀಟನ್ನೂ ಹಾಕುವುದು. ಸಂದೇಹ ಬಂದರೆ ನಿಘಂಟಿನಲ್ಲಿ ಒತ್ತಿನ ಗುರುತನ್ನು ನೋಡಬೇಕು. ಈಗ ಮೊಬೈಲಿನಲ್ಲಿ ಉಚ್ಚಾರಣೆಯನ್ನು ಕೇಳಲೂಬಹುದು.

ಮೂರು: ಪುಸ್ತಕ ನೋಡಿಕೊಂಡು ಮಾತನಾಡದಿರುವುದು. ಒಂದು ಸಾಲನ್ನು ಮನಸ್ಸಿನಲ್ಲಿ ಓದಿ, ತಲೆಯೆತ್ತಿ, ಎದುರಿನವರ ಮುಖ ನೋಡಿ ಹೇಳಬೇಕು. ಬಂಗಾಳದಲ್ಲಿ ಇಂಗ್ಲಿಷ್ ಬೋಧನೆಯ ಕೆಲಸ ಮಾಡಿದ ಮೈಕೇಲ್ ವೆಸ್ಟ್ ಎಂಬವರು, ಜನ ತುಂಬಿದ ಬಡ ತರಗತಿಗಳಿಗಾಗಿ 1960ರಲ್ಲಿ ಬರೆದ ಪುಸ್ತಕದಲ್ಲಿ ಈ ವಿಧಾನವನ್ನು ಸೂಚಿಸಿದ್ದಾರೆ. ಕಾಗದದಿಂದ ಬಾಯಿಗೆ ನೇರವಾಗಿ ಬಂದ ಮಾತು ನಿಲ್ಲುವುದಿಲ್ಲ. ನೆನಪಿನ ಮೂಲಕ ಬಂದದ್ದು ನಿಲ್ಲುತ್ತದೆ.

ನಾಲ್ಕು: ಪಾತ್ರಗಳನ್ನು ಅದಲು ಬದಲು ಮಾಡಿಕೊಳ್ಳುವುದು. ಇಂದು ಕೈದಿಯಾದವನು ನಾಳೆ ಬಿಷಪ್ಪನಾಗಬೇಕು.

ಐದು: ಕಡೆಗೆ ಪುಸ್ತಕವನ್ನು ಮುಚ್ಚಿ ಅದೇ ಸನ್ನಿವೇಶವನ್ನು ಸ್ವಂತ ಮಾತಿನಲ್ಲಿ ಆಡುವುದು. ಆಮೇಲೆ ಬ್ಯಾಂಕು, ಆಸ್ಪತ್ರೆ, ಉದ್ಯೋಗದ ಸಂದರ್ಶನ ಮೊದಲಾದ ಸನ್ನಿವೇಶಗಳನ್ನು ಕಲ್ಪಿಸಿಕೊಳ್ಳಬಹುದು. ಇಲ್ಲಿ ತಪ್ಪುಗಳು ಬೇಕಾದಷ್ಟು ಆಗುತ್ತವೆ. ಮಾತಿನ ಮಧ್ಯೆ ತಡೆಯದೆ ಮುಗಿದ ಮೇಲೆ ತಿದ್ದಬೇಕು.

ಈ ಕ್ರಮದ ದೊಡ್ಡ ಗುಣವೆಂದರೆ ಅಂಜಿಕೆ ಕಳೆಯುವುದು. ತರಗತಿಯಲ್ಲಿ ಎದ್ದು ನಿಂತವನು ತಾನಾಗಿಯೇ ನಿಂತಿರುತ್ತಾನೆ. ಅವನ ತಪ್ಪಿಗೆ ನಕ್ಕರೆ ಅವನಿಗೇ ನಕ್ಕಂತೆ. ಪಾತ್ರವನ್ನು ಹೊದ್ದವನಿಗೆ ಆ ಪಾತ್ರವೇ ಕಂಬಳಿ. ನಮ್ಮ ಗುಂಪಿನಲ್ಲಿ ಹಾಜರಿ ಕೂಗಿದಾಗ ಓಗೊಡುವುದಕ್ಕೂ ನಾಚುತ್ತಿದ್ದ ಸಹಪಾಠಿನಿಯೊಬ್ಬರು ಬಿಷಪ್ಪರ ತಂಗಿಯ ಪಾತ್ರದಲ್ಲಿ ಮನೆಯವರನ್ನೆಲ್ಲ ಗದರಿಸಿದ್ದನ್ನು ಕೇಳಿ ನಾವು ಬೆರಗಾದೆವು.

ನಾಟಕದಿಂದ ಎಲ್ಲವೂ ಸಾಧಿಸುತ್ತದೆಂದು ನಾನು ಹೇಳಲಾರೆ. ಪ್ರಬಂಧ ಬರೆಯುವುದನ್ನು ಅದು ಕಲಿಸುವುದಿಲ್ಲ. ವ್ಯಾಕರಣದ ಅಭ್ಯಾಸವನ್ನು ತಪ್ಪಿಸುವುದಿಲ್ಲ. ದೊಡ್ಡ ತರಗತಿಯಲ್ಲಿ ಗದ್ದಲವಾಗುವುದೂ ನಿಜ. ಪರೀಕ್ಷೆ ಸಮೀಪಿಸಿದಾಗ ಇದಕ್ಕೆ ವೇಳೆಯೆಲ್ಲಿ ಎಂದು ಕೇಳುವವರೂ ಇದ್ದಾರೆ. ಆದರೆ ಆರು ಮಂದಿ, ಒಂದು ಕೊಠಡಿ, ವಾರಕ್ಕೆ ಎರಡು ಗಂಟೆ, ಇಷ್ಟೇ ಇದಕ್ಕೆ ಬೇಕಾದದ್ದು. ಹಣ ಕೊಟ್ಟು ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಲಾರದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಈ ಕಾಲೇಜಿನ ಖಾಲಿ ಕೊಠಡಿಯೇ ಸಾಕು. ಅಧ್ಯಾಪಕ ಮಹಾಶಯರು ವಾರಕ್ಕೊಂದು ಸಲ ಬಂದು ತಿದ್ದುವ ಕೃಪೆ ಮಾಡಿದರೆ ಮತ್ತೇನೂ ಬೇಡ.

ಕೊನೆಯದಾಗಿ ಒಂದು ಮಾತು. ರಜೆಯಲ್ಲಿ ಊರಿಗೆ ಹೋಗಿದ್ದಾಗ ಹಟ್ಟಿಯ ಮುಂದೆ ನಿಂತು ನನ್ನ ಪಾತ್ರವನ್ನು ಅಭ್ಯಾಸ ಮಾಡುತ್ತಿದ್ದೆ. ತಂದೆಯವರು ಕಥೆಯನ್ನು ಕೇಳಿ ತಿಳಿದುಕೊಂಡು, ಜಗಲಿಯ ಮೇಲೆ ಕುಳಿತು ಕಡೆಯವರೆಗೂ ನೋಡಿದರು. ಆಮೇಲೆ, "ನೀ ಹೇಳಿದ್ದು ಒಂದು ಮಾತೂ ಅರ್ಥ ಆಗ್ನಿಲ್ಲ ಮಗ. ಆದ್ರೆ ಮೊದ್ಲು ಹೆಂಗೆ ಸೆಟೆದು ನಿಂತಿದ್ಯೋ ಕೊನೇಲೂ ಹಂಗೇ ನಿಂತಿದ್ದೀಯಲ್ಲ? ಅವ್ನು ಆಗ ಸೋತೋನಲ್ವಾ?" ಎಂದರು. ನಾನು ಮತ್ತೆ ಮೊದಲಿನಿಂದ ಆಡಿದೆ. ಕೊನೆಯ 'ಯೂ' ಬಂದಾಗ ತಲೆ ತಾನಾಗಿ ಬಾಗಿತು, ದನಿಯೂ ಇಳಿಯಿತು. ಅವರು "ಈಗ ಸರಿಹೋಯ್ತು" ಎಂದು ಎದ್ದು ಎತ್ತುಗಳಿಗೆ ಹುಲ್ಲು ಹಾಕಲು ಹೋದರು. ನನ್ನ ಇಂಗ್ಲಿಷನ್ನು ಮನೆಯಲ್ಲಿ ತಿದ್ದುವವರು ಯಾರೂ ಇಲ್ಲವೆಂದು ನಾನು ಮೊದಲು ತಿಳಿದಿದ್ದುದು ತಪ್ಪೆಂದು ಆಗ ನನಗೆ ಅರಿವಾಯಿತು.