ಮಾತ್ರೆ ಕೈಚೀಲದಲ್ಲೇ ಇರಲಿ

2022ರ ಜುಲೈನಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣವೇ ದಿನಕ್ಕೆ 1 ಲಕ್ಷಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಕಳಿಸಲಾರೆನೆಂದು ಕೈಚೆಲ್ಲಿತ್ತು. ಕೊರೋನಾ ಕಾಲದಲ್ಲಿ ಕೆಲಸ ಕಳೆದುಕೊಂಡ ಲಗೇಜು ಸಿಬ್ಬಂದಿ ಬೇರೆ ದಾರಿ ಹಿಡಿದಿದ್ದರು. ಹೊಸಬರಿಗೆ ಹಿನ್ನೆಲೆ ತಪಾಸಣೆ ಮುಗಿದು ಪಾಸು ಸಿಗಲು ವಾರಗಟ್ಟಲೆ ಬೇಕು.

ಮಕ್ಕಳನ್ನು ನೋಡಲು ಬೆಂಗಳೂರಿನಿಂದ ಹೊರಡುವ ಹಿರಿಯರೇ, ಅಂಥ ದಿನಗಳು ಮತ್ತೆ ಬರಬಹುದು, ಸೂಟ್‌ಕೇಸು ನಿಮ್ಮ ಜೊತೆಗೇ ತಲುಪದಿರಬಹುದು. ಬಿಪಿ ಮಾತ್ರೆ, ಇನ್ಸುಲಿನ್, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇದೊಂದನ್ನಂತೂ ಮರೆಯಬೇಡಿ. ಸೂಟ್‌ಕೇಸಿನ ಫೋಟೊ ತೆಗೆದಿಡಿ. ಅದು ಬಾರದಿದ್ದರೆ ದೂರು ಬರೆಸದೆ ನಿಲ್ದಾಣ ಬಿಡಬೇಡಿ. ತಡವಾಗಿ ಕೈಸೇರಿದರೆ 21 ದಿನದೊಳಗೆ ವಿಮಾನ ಸಂಸ್ಥೆಗೆ ಬರೆದು ಪರಿಹಾರ ಕೇಳಿ. ಖರ್ಚಿನ ರಸೀದಿಗಳನ್ನು ಜೋಪಾನ ಮಾಡಿ. ಕೌಂಟರಿನವರ ಮೇಲೆ ಮಾತ್ರ ರೇಗಬೇಡಿ, ಮೂವರ ಕೆಲಸವನ್ನು ಅವರೊಬ್ಬರೇ ಮಾಡುತ್ತಿರಬಹುದು.