ಸ್ಕ್ರೂ ಗೇಜಿನಿಂದ ಸಿ.ಎನ್.ಸಿ. ವರೆಗೆ

ಪ್ರಥಮ ಪಿ.ಯು.ಸಿ. ವಿದ್ಯಾರ್ಥಿಗಳ ಕೈಗೆ ಸ್ಕ್ರೂ ಗೇಜ್ ಕೊಡುವಾಗ ನಾನು ತಪ್ಪದೆ ಹೇಳುವ ಮಾತೊಂದಿದೆ: ಒಂದೇ ದಿಕ್ಕಿಗೆ ತಿರುಗಿಸುತ್ತ ಅಳತೆ ಓದಿರಿ. ಸ್ಕ್ರೂ ಮತ್ತು ನಟ್ಟಿನ ಎಳೆಗಳ ನಡುವೆ ಸ್ವಲ್ಪ ಸಡಿಲ ಇರುತ್ತದೆ. ದಿಕ್ಕು ಬದಲಿಸಿದರೆ ತಲೆ ತಿರುಗುತ್ತದೆ, ತುದಿ ಮಾತ್ರ ಕೊಂಚ ಹೊತ್ತು ಕದಲುವುದಿಲ್ಲ. ಇದೇ ಬ್ಯಾಕ್‌ಲ್ಯಾಶ್ ದೋಷ. ವರ್ಕ್‌ಶಾಪಿನವರು ಇದನ್ನು ‘ಪ್ಲೇ’ ಎನ್ನುತ್ತಾರೆ. ಪರೀಕ್ಷೆಯಲ್ಲಿ ಎರಡು ಸಾಲು ಬರೆದು ಮರೆಯುವ ಈ ದೋಷವೇ, ಕೈಯಿಂದ ನಡೆಯುವ ಮಿಲ್ಲಿಂಗ್ ಯಂತ್ರಕ್ಕೆ ಕಂಪ್ಯೂಟರ್ ಜೋಡಿಸುವಾಗ ದೊಡ್ಡ ತೊಡಕಾಗುತ್ತದೆ.

ಲೇತ್‌ನಲ್ಲಿ ಜಾಬ್ ತಿರುಗುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಕಟರ್ ತಿರುಗುತ್ತದೆ. ಟೇಬಲ್ಲಿಗೆ ಬಿಗಿದ ಜಾಬ್ ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ ಸರಿಯುತ್ತದೆ. ನೀವು ಗಣಿತದಲ್ಲಿ ಓದುವ ಎಕ್ಸ್, ವೈ, ಝಡ್ ಅಕ್ಷಗಳೇ ಇವು. ಪ್ರತಿ ಅಕ್ಷಕ್ಕೆ ಒಂದು ಉದ್ದ ಸ್ಕ್ರೂ, ಒಂದು ಹಿಡಿಕೆ ಚಕ್ರ. ಅಂದರೆ ಮೂರು ದೊಡ್ಡ ಸ್ಕ್ರೂ ಗೇಜುಗಳು ಸೇರಿದಂತೆ.

ಇದಕ್ಕೆ ಯಂತ್ರಬುದ್ಧಿ ಬೇಕೆನಿಸಿದ್ದು ಹೆಲಿಕಾಪ್ಟರ್ ರೆಕ್ಕೆಯಿಂದ. 1940ರ ದಶಕದಲ್ಲಿ ಅಮೆರಿಕದ ಜಾನ್ ಪಾರ್ಸನ್ಸ್ ಅವರ ಕಾರ್ಖಾನೆಯಲ್ಲಿ ರೆಕ್ಕೆಯ ಬಾಗಿದ ಅಂಚಿನ ಬಿಂದುಗಳನ್ನು ಮೊದಲೇ ಲೆಕ್ಕ ಹಾಕುತ್ತಿದ್ದರು. ಒಬ್ಬರು ಅಂಕಿಗಳನ್ನು ಗಟ್ಟಿಯಾಗಿ ಓದಿದರೆ ಉಳಿದವರು ಒಂದೊಂದು ಚಕ್ರ ತಿರುಗಿಸುತ್ತಿದ್ದರು. ಆ ಓದುವ ಬಾಯಿ, ತಿರುಗಿಸುವ ಕೈಗಳ ಕೆಲಸವನ್ನು ಯಂತ್ರಕ್ಕೆ ವಹಿಸುವ ಪ್ರಯತ್ನ ಎಂ.ಐ.ಟಿ. ಸಂಸ್ಥೆಯಲ್ಲಿ ನಡೆದು, 1952ರಲ್ಲಿ ಪ್ರದರ್ಶನಗೊಂಡಿತು. ಅಂಕಿಗಳು ತೂತು ಹೊಡೆದ ಕಾಗದದ ಪಟ್ಟಿಯಲ್ಲಿದ್ದವು. ಜಕಾರ್ಡ್ ಮಗ್ಗ ನೋಡಿದ ಬೆಟಗೇರಿಯ ನೇಕಾರರ ಮಕ್ಕಳಿಗೆ ಇದು ಹೊಸದಲ್ಲ. ಅಲ್ಲಿ ತೂತಿನ ಕಾರ್ಡು ಯಾವ ಎಳೆ ಏಳಬೇಕೆಂದು ಹೇಳುತ್ತದೆ, ಇಲ್ಲಿ ಟೇಬಲ್ ಎಷ್ಟು ಸರಿಯಬೇಕೆಂದು. ಗಮನಿಸಿರಿ: ಎಂ.ಐ.ಟಿ.ಯವರು ಬಳಸಿದ್ದು ಮೊದಲೇ ಇದ್ದ ಸಿನ್ಸಿನಾಟಿ ಮಿಲ್ಲಿಂಗ್ ಯಂತ್ರವನ್ನು, ಮಾರ್ಪಡಿಸಿ. ಈ ವಿದ್ಯೆ ಹುಟ್ಟಿದ್ದೇ ಹಳೆ ಯಂತ್ರದ ಪರಿವರ್ತನೆಯಿಂದ.

ನಮ್ಮ ರಾಜ್ಯದಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಶುರುವಾಯಿತು. ಮುಂದೆ ಅದು ತಯಾರಿಸಿದ ಮಿಲ್ಲಿಂಗ್ ಯಂತ್ರಗಳು ಐ.ಟಿ.ಐ.ಗಳಲ್ಲಿ, ವರ್ಕ್‌ಶಾಪುಗಳಲ್ಲಿ ಇಂದಿಗೂ ಇವೆ. ಅವುಗಳ ಎರಕದ ಕಬ್ಬಿಣದ ಮೈ ಗಟ್ಟಿ. ಸವೆಯುವುದು ಸ್ಕ್ರೂ, ನಟ್ಟು ಮತ್ತು ಜಾರುವ ಪಟ್ಟಿಗಳು. ಹೀಗಾಗಿ ‘ಮೋಟಾರು ಕೂರಿಸಿದರೆ ಸಿ.ಎನ್.ಸಿ. ಆಯಿತಲ್ಲ’ ಎಂದು ಅನ್ನಿಸುವುದು ಸಹಜ. ಲೆಕ್ಕ ಮಾಡಿ ನೋಡೋಣ.

ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಹೆಜ್ಜೆಗೆ 1.8 ಡಿಗ್ರಿ ತಿರುಗುತ್ತದೆ; ಒಂದು ಸುತ್ತಿಗೆ 200 ಹೆಜ್ಜೆ. ಸ್ಕ್ರೂವಿನ ಪಿಚ್ 5 ಮಿ.ಮೀ. ಇದ್ದರೆ ಹೆಜ್ಜೆಗೆ 5 ÷ 200 = 0.025 ಮಿ.ಮೀ. ಇದು ಈ ಯಂತ್ರದ ಲೀಸ್ಟ್ ಕೌಂಟ್. ಈಗ ಸ್ಕ್ರೂವಿನಲ್ಲಿ 0.2 ಮಿ.ಮೀ. ಸಡಿಲ ಇದೆ ಎನ್ನಿ. ದಿಕ್ಕು ಬದಲಾದಾಗ 0.2 ÷ 0.025 = 8 ಹೆಜ್ಜೆ ವ್ಯರ್ಥ. ಮೋಟಾರು ತಿರುಗಿದೆ, ಕಂಪ್ಯೂಟರ್ ಎಣಿಸಿದೆ, ಟೇಬಲ್ ಮಾತ್ರ ನಿಂತಲ್ಲೇ ಇದೆ. ವೃತ್ತ ಕೊರೆಯಲು ಹೇಳಿದರೆ, ಅಕ್ಷಗಳು ದಿಕ್ಕು ಬದಲಿಸುವ ನಾಲ್ಕು ಕಡೆ ಅಂಚು ಕೆಡುತ್ತದೆ. ಪ್ರತಿ ಹೆಜ್ಜೆಯನ್ನು ಹತ್ತು ಭಾಗ ಮಾಡಿದರೆ 80 ಹೆಜ್ಜೆ ವ್ಯರ್ಥವಾಗುತ್ತದೆ. ಸಡಿಲ ಅಷ್ಟೇ ಉಳಿಯುತ್ತದೆ. ಎಣಿಕೆ ಸೂಕ್ಷ್ಮವಾದ ಮಾತ್ರಕ್ಕೆ ಅಳತೆ ನಿಖರವಾಗದು.

ಹಾಗಾದರೆ ಇಷ್ಟು ವರ್ಷ ಅದೇ ಯಂತ್ರದಲ್ಲಿ ಉಸ್ತಾದರು ಸರಿಯಾದ ಜಾಬ್ ಹೇಗೆ ತೆಗೆದರು? ಅವರ ಕೈ ಸಡಿಲವನ್ನು ಬಲ್ಲದು. ಚಕ್ರವನ್ನು ಸ್ವಲ್ಪ ಹಿಂದೆ ಒಯ್ದು, ಮತ್ತೆ ಒಂದೇ ದಿಕ್ಕಿನಿಂದ ಗುರುತಿಗೆ ತರುತ್ತಾರೆ. ಕಟರಿನ ಸದ್ದು ಬದಲಾದರೆ ನಿಧಾನ ಮಾಡುತ್ತಾರೆ. ಟೇಬಲ್ ಕೊನೆ ಮುಟ್ಟುವ ಮೊದಲು ನಿಲ್ಲಿಸುತ್ತಾರೆ. ಪರಿವರ್ತನೆ ಎಂದರೆ ಕೈ ಮಾಡುತ್ತಿದ್ದ ಇಂಥ ಪ್ರತಿ ಕೆಲಸವನ್ನೂ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಒಂದು ಬದಲಿ ವ್ಯವಸ್ಥೆ ಮಾಡುವುದು.

ಸಡಿಲಕ್ಕೆ ಬದಲಿ, ಉಕ್ಕಿನ ಗುಂಡುಗಳ ಮೇಲೆ ಉರುಳುವ ಬಿಗಿ ಬಾಲ್ ಸ್ಕ್ರೂ. ಹೊರೆ ಹೆಚ್ಚಾಗಿ ಸ್ಟೆಪ್ಪರ್ ಹೆಜ್ಜೆ ತಪ್ಪಿದರೆ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಎನ್‌ಕೋಡರ್ ಇರುವ ಸರ್ವೋ ಮೋಟಾರು ತಾನೆಷ್ಟು ತಿರುಗಿದೆ ಎಂದು ತಿರುಗಿ ವರದಿ ಮಾಡುತ್ತದೆ. ಟೇಬಲ್ ಕೊನೆ ಮುಟ್ಟದಂತೆ ಲಿಮಿಟ್ ಸ್ವಿಚ್, ಅಪಾಯಕ್ಕೆ ಕೈಗೆಟಕುವ ಕೆಂಪು ಗುಂಡಿ. ಇನ್ನೊಂದು ಎಚ್ಚರ: ಹಳೆ ಸ್ಕ್ರೂ ತನ್ನ ಘರ್ಷಣೆಯಿಂದಲೇ ಭಾರವನ್ನು ಹಿಡಿದಿಡುತ್ತದೆ. ಬಾಲ್ ಸ್ಕ್ರೂನಲ್ಲಿ ಘರ್ಷಣೆ ಬಹಳ ಕಡಿಮೆ. ಮೇಲೆ-ಕೆಳಗಿನ ಅಕ್ಷಕ್ಕೆ ಬ್ರೇಕ್ ಅಥವಾ ಎದುರು ತೂಕ ಇಲ್ಲದಿದ್ದರೆ, ಕರೆಂಟ್ ಹೋದಾಗ ಭಾರ ತಾನಾಗಿ ಕೆಳಗಿಳಿಯಬಹುದು.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಬರುವ ನಿಮ್ಮಲ್ಲಿ ಕೆಲವರ ಅಬ್ಬಾ, ಚಾಚಾ, ಮಾವಂದಿರು ಲೇತ್, ವೆಲ್ಡಿಂಗ್ ಅಂಗಡಿಗಳಲ್ಲಿ ದುಡಿಯುತ್ತಿರಬಹುದು. ‘ಕಂಪ್ಯೂಟರ್ ಬಂದರೆ ಅವರ ಕಸುಬು ಮುಗಿಯಿತೇ?’ ಎಂಬ ಪ್ರಶ್ನೆ ಸಣ್ಣದಲ್ಲ. ಟ್ರ್ಯಾಕ್ಟರಿನ ಒಂದೇ ಶಾಫ್ಟಿಗೆ ಒಂದು ಕೀವೇ ಕೊರೆಯುವುದಿದ್ದರೆ ಹಿಡಿಕೆ ಚಕ್ರವೇ ಬೇಗ. ಒಂದೇ ಬಗೆಯ ಐವತ್ತು ಬಿಡಿಭಾಗ, ಇಲ್ಲವೇ ಬಾಗಿದ ಅಂಚು ಬೇಕಿದ್ದರೆ ಸಿ.ಎನ್.ಸಿ. ಮೇಲು. ಆಗಲೂ ಜಾಬ್ ಬಿಗಿಯುವುದು, ಕಟರ್ ಆರಿಸುವುದು, ಸೊನ್ನೆ ಬಿಂದು ಗುರುತಿಸುವುದು, ಮೊದಲ ಜಾಬ್ ಅಳೆದು ನೋಡುವುದು ಮನುಷ್ಯನ ಕೆಲಸ. ಪ್ರೋಗ್ರಾಂ ಬರೆಯಬಲ್ಲ ವಿದ್ಯಾರ್ಥಿಗೆ ಉಸ್ತಾದರ ಕೈ ಅನುಭವ ಬೇಕು; ಉಸ್ತಾದರಿಗೆ ನಿಮ್ಮ ನಿರ್ದೇಶಾಂಕ ಗಣಿತ ಬೇಕು. ಇಬ್ಬರೂ ಒಂದೇ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಬೇರಿಲ್ಲ.

ಅಭ್ಯಾಸಕ್ಕೆ: ಸ್ಕ್ರೂವಿನ ಪಿಚ್ 4 ಮಿ.ಮೀ.; ಮೋಟಾರು 200 ಹೆಜ್ಜೆಯದು; ಬೆಲ್ಟ್ ಮೂಲಕ ಮೋಟಾರು ಎರಡು ಸುತ್ತಿದರೆ ಸ್ಕ್ರೂ ಒಂದು ಸುತ್ತು; ಸಡಿಲ 0.1 ಮಿ.ಮೀ. ದಿಕ್ಕು ಬದಲಾದಾಗ ಎಷ್ಟು ಹೆಜ್ಜೆ ವ್ಯರ್ಥ? (ಉತ್ತರ: 10)